ಜನಿವಾರದ ಕೀಲಿಕೈ

೩ ಫೆಬ್ರುವರಿ, ಸೋಮವಾರ
ಗ್ರಂಥಾಲಯ ತೆರೆದೆ. ಪೇಪರ್ ಓದಲು ಕುಬೇರಪ್ಪ ಒಬ್ಬನೇ. ಎದೆಯ ಉರಿ ಇನ್ನೂ ಹೋಗಿಲ್ಲ. ಶಿಗ್ಗಾಂವಿ ಡಾಕ್ಟರ್ ಕೊಟ್ಟ ಎರಡನೇ ಮುಲಾಮೂ ಮುಗಿಯಿತು. ಬೆವರಿಗೆ ಜನಿವಾರ ಉಜ್ಜಿ ಹೀಗಾಗಿದೆಯಂತೆ.
ಹೊಸ ಪುಸ್ತಕಗಳು ಗಾಜಿನ ಕಪಾಟಿನಲ್ಲಿ ಬಂದಂತೆಯೇ ಇವೆ. ಮಕ್ಕಳಿಗೆ ಚಿತ್ರದವು, ದೊಡ್ಡವರಿಗೆ ಪತ್ತೇದಾರಿ, ಆರೋಗ್ಯ, ನಕ್ಷತ್ರ, ಪ್ರವಾಸ — ನೂರಾ ನಲವತ್ತು. ಹದಿನಾಲ್ಕು ತಿಂಗಳಾಯಿತು, ಒಂದೂ ಹೊಲಸಾಗಿಲ್ಲ. ಈ ಊರವರ ಕೈಗೆ ಕೊಟ್ಟರೆ ಮುಗಿಯಿತು! ಕಪಾಟಿನ ಕೀಲಿಕೈ ನನ್ನ ಜನಿವಾರಕ್ಕೇ ಕಟ್ಟಿದೆ. ಸ್ನಾನಕ್ಕೂ ಬಿಚ್ಚುವುದಿಲ್ಲ.

೫, ಬುಧವಾರ
ಮೇಲಿನಿಂದ ಪತ್ರ. ಒಂದು ಪುಸ್ತಕವೂ ಹೊರಗೆ ಹೋಗಿಲ್ಲ, ಓದುಗರಿಲ್ಲ, ಗ್ರಂಥಾಲಯ ಮುಚ್ಚಬೇಕಂತೆ. ಸೋಮವಾರ ಸಾಹೇಬರು ನೋಡಲು ಬರುತ್ತಾರೆ.
ಹೆಂಡತಿ ಮೃಣಾಲಿನಿಗೆ ಹೇಳಿದೆ. ಒಗ್ಗರಣೆ ಸೀದುಹೋಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

೭, ಶುಕ್ರವಾರ, ಬೆಳಿಗ್ಗೆ ೧೧
ಧೂಳು ಒರೆಸಲು ಕಪಾಟು ತೆರೆದೆ. ಪತ್ತೇದಾರಿ ಕಾದಂಬರಿ ಬಿಚ್ಚಿದ್ದೇ ತಡ, ಏಳು ಸೀನು! ಪುಟಪುಟಕ್ಕೂ ಕೆಂಪು ಬೆರಳಿನ ಗುರುತು. ನಡುವೆ ಮೆಣಸಿನ ಬೀಜ. ಆರೋಗ್ಯದ ಪುಸ್ತಕ — ಕೆಂಪು. ನಕ್ಷತ್ರದ್ದು — ಕೆಂಪು. ಮಕ್ಕಳ ಪುಸ್ತಕದ ಆನೆಯ ಸೊಂಡಿಲೂ ಕೆಂಪು.
ಕೀಲಿ ಒಡೆದಿಲ್ಲ. ಕೀಲಿಕೈ ಎದೆಯ ಮೇಲೇ ಇದೆ. ಮೂಸಿದೆ... ಮತ್ತೆ ಸೀನು.
ಎದೆಯ ಉರಿ ಯಾತರದ್ದೆಂದು ಈಗ ತಿಳಿಯಿತು.

ಅದೇ ದಿನ, ಸಂಜೆ ೫
ಮಧ್ಯಾಹ್ನ ಮಲಗಿದಂತೆ ನಟಿಸಿದೆ. ಗೊರಕೆಯನ್ನೂ ಹೊಡೆದೆ. ಬಳೆ ಸದ್ದು. ಎದೆಯ ಮೇಲೆ ಎರಡು ಬೆರಳು, ಗಂಟು ಬಿಚ್ಚಿತು. ಮೃಣಾಲಿನಿ!
ಹಿಂದೆಯೇ ಹೋದೆ. ಗ್ರಂಥಾಲಯಕ್ಕೆ, ಅಲ್ಲಿಂದ ದಾನವ್ವನ ಮೆಣಸಿನಕಾಯಿ ಶೆಡ್ಡಿಗೆ. ಇಪ್ಪತ್ತು ಹೆಂಗಸರು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಾರೆ. ನಡುವೆ ನನ್ನ ಹೆಂಡತಿ ಪತ್ತೇದಾರಿ ಓದುತ್ತಿದ್ದಾಳೆ — ಕೊಲೆಗಾರನ ದನಿ ತೆಗೆದು! ಮನೆಯಲ್ಲಿ ಈ ದನಿ ಒಂದು ದಿನವೂ ಕೇಳಿಲ್ಲ.
"ವೈನಿ, ಕತಿಯಾಗಿನ ಆ ಡಾಕ್ಟರನ ವಿಷಾ ಹಾಕ್ಯಾನೇನ್ರಿ?" ಎಂದಳು ದಾನವ್ವ.
"ಯಾರನ್ನ ಕೇಳಿ ತಂದಿ?" ಎಂದು ಬಾಗಿಲಲ್ಲೇ ಕೂಗಿದೆ.
ಮೃಣಾಲಿನಿ ಪುಸ್ತಕ ಮುಚ್ಚಲಿಲ್ಲ. "ಬೈಯೋದಿದ್ರ ನನಗ ಬೈರಿ. ಇವರಿಗೆ ಬ್ಯಾಡ."
ಅವರಲ್ಲೊಬ್ಬಳು, ಗುಲ್ನಾರ, ಎದ್ದು ನಿಂತಳು. "ಸರ, ವೈನಿ ಆರೋಗ್ಯದ ಪುಸ್ತಕ ಓದಿದ್ಮ್ಯಾಲನ ನಮ್ಮವ್ವನ ಎದ್ಯಾಗಿನ ಗಂಟು ತೋರಿಸಿದ್ವಿ. ಜಲ್ದಿ ಬಂದೀರಿ ಅಂದ್ರು ಡಾಕ್ಟರು. ಅವ್ವ ಉಳದಾಳ್ರಿ."
ಬಾಗಿಲಿಂದಲೇ ಹಿಂದಿರುಗಿ ಮನೆಗೆ ಬಂದೆ.

೮, ಶನಿವಾರ
ದಾನವ್ವ ಹಸಿಬಟ್ಟೆ ಹಿಡಿದು ಬಂದಳು. "ಸಾಹೇಬ್ರು ಬರೂದ್ರಾಗ ಕಲೆ ಒರಸಿ ಕೊಡ್ತೇವ್ರಿ ಸರ."
"ಕೈ ಹಚ್ಚಬ್ಯಾಡ!" ಎಂದು ಚೀರಿದೆ. ಬೆಚ್ಚಿಬಿದ್ದಳು. ನಾನೂ ಬೆಚ್ಚಿದೆ. ಪುಸ್ತಕ ಹೊಲಸಾಗಬಾರದೆಂದು ಹದಿನಾಲ್ಕು ತಿಂಗಳು ಕಾದವನು ನಾನು. ಈಗ ಓದುಗರಿದ್ದಾರೆ ಎನ್ನಲು ಆ ಕಲೆ ಬಿಟ್ಟರೆ ನನ್ನಲ್ಲಿ ಬೇರೆ ಸಾಕ್ಷಿಯೇ ಇಲ್ಲ!

೧೦, ಸೋಮವಾರ, ಬೆಳಿಗ್ಗೆ
ಕೀಲಿಕೈ ಬಿಚ್ಚಿ ಮೃಣಾಲಿನಿಯ ಕೈಗೆ ಕೊಟ್ಟೆ. ಅವಳು ನನ್ನ ಕೈಗೆ ಪತ್ತೇದಾರಿ ಕೊಟ್ಟಳು. "ಮೊದಲ ಒಂದಾದ್ರೂ ಓದ್ರಿ. ಸಾಹೇಬ್ರು ಕೇಳಿದ್ರ ಏನ ಹೇಳ್ತೀರಿ?"
ನೂರಾ ನಲವತ್ತರಲ್ಲಿ ನಾನು ಒಂದನ್ನೂ ಓದಿಲ್ಲ.

ಗ್ರಂಥಾಲಯ, ೧೧-೩೦
ಕಟ್ಟೆಯ ಮೇಲೆ ದಾನವ್ವ, ಗುಲ್ನಾರ, ಇಪ್ಪತ್ತೂ ಜನ ಬಂದು ಕುಳಿತಿದ್ದಾರೆ. ಯಾರೂ ಕೈ ತೊಳೆದುಕೊಂಡಿಲ್ಲ. ಜೀಪು ಬಂದ ಸದ್ದು. ವಿಷ ಹಾಕಿದವನು ಡಾಕ್ಟರ್ ಅಲ್ಲ... ಇನ್ನು ಹನ್ನೆರಡೇ ಪುಟ, ಸಾಹೇಬರು ಸ್ವಲ್ಪ ಕಾಯಲಿ —