ಬೋರ್ಡಿನಲ್ಲಿ ಬಾರದ ಆನೆ

ಭವಿತಾ,

ಆನೆ ಇನ್ನೂ ನಮ್ಮ ಊರಿನಲ್ಲೇ ಇದೆ. ಇವತ್ತು ಬೆಳಿಗ್ಗೆ ಅಂಗನವಾಡಿಗೆ ಬರುವ ದಾರಿಯ ತಿರುವಿನಲ್ಲಿ ಆನೆ ತಿನ್ನುವ ಬೈನೆ ಮರವೊಂದು ಸೀಳಿ ಬಿದ್ದಿತ್ತು, ಪಕ್ಕದಲ್ಲಿ ಹಸಿ ಲದ್ದಿ ಇತ್ತು. ಇದನ್ನು ಕಂಡು ನನಗೆ ಫೋನ್ ಮಾಡಿದವನು ಹಾರಿಸ್, ಗುತ್ತಿಗಾರಿನಲ್ಲಿ ಹಾಲಿನ ಸೊಸೈಟಿಯ ಪಕ್ಕ ಕಂಪ್ಯೂಟರ್ ಅಂಗಡಿ ಇಟ್ಟಿರುವವನು. ಅವನು ಕಾಣುವ ಮೊದಲೇ ಅಂಗನವಾಡಿಯ ಮೂರು ಮಕ್ಕಳು ಆ ತಿರುವು ದಾಟಿ ಬಂದಾಗಿತ್ತು. ಅವರ ತಾಯಂದಿರಿಗೆ ಯಾರೂ ಏನೂ ತಿಳಿಸಿರಲಿಲ್ಲ. ತಿಳಿಸಬೇಕಾದ ಸೊಸೈಟಿಯ ಬೋರ್ಡು ಖಾಲಿ. ದಿನಾ ಆನೆ ವರದಿಯ ಹಾಳೆಯನ್ನು ಅಲ್ಲಿಗೆ ಅಚ್ಚು ಹಾಕಿ ಕೊಡುತ್ತಿದ್ದ ನಿನ್ನ ವೆಬ್‌ಸೈಟನ್ನೇ ನೀನು ಮುಚ್ಚಿಬಿಟ್ಟಿದ್ದೀಯ.

ಇದನ್ನು ಪುತ್ತೂರಿನ ಆಸ್ಪತ್ರೆಯಲ್ಲಿ ಇವರ ಮಂಚದ ಪಕ್ಕ ಕುಳಿತು ಬರೆಯುತ್ತಿದ್ದೇನೆ. ಎರಡನೇ ಆಪರೇಷನ್ ಆಯಿತು. ಕಾಲಿನ ಬೆರಳು ಆಡಿಸುತ್ತಾರೆ. ಮೊಣಕಾಲು ಮಡಚಲು ಬರುವುದೋ ಇಲ್ಲವೋ, ಡಾಕ್ಟರು ಈಗಲೇ ಹೇಳುವುದಿಲ್ಲ. ಮೊನ್ನೆ ನೀನು ವಾರ್ಡಿನ ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದದ್ದನ್ನು ನಾನು ನೋಡಿದೆ. ಕರೆಯಲಿಲ್ಲ. ಕರೆದಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ ನನಗೇ ಗೊತ್ತಿರಲಿಲ್ಲ. ಅಂದಿನಿಂದ ನಿನ್ನ ಫೋನ್ ಸ್ವಿಚ್ ಆಫ್. ಅದಕ್ಕೇ ಈ ಕಾಗದ. ನಿನ್ನ ಕಾಲೇಜಿಗೇ ಕೊಟ್ಟು ಕಳಿಸುತ್ತೇನೆ.

ಪತ್ರಿಕೆಯಲ್ಲಿ 'ಆನೆ ದಾಳಿ, ಕೃಷಿಕ ಜತ್ತಪ್ಪ ಗಂಭೀರ' ಎಂದು ಬಂದಿದೆ. ಅದು ಸರಿಯಲ್ಲ. ಆನೆ ಇವರನ್ನು ಮುಟ್ಟಲಿಲ್ಲ. ಬೆಳಕು ಹರಿಯುವ ಮೊದಲು ಟ್ಯಾಪಿಂಗ್ ಮಾಡಲು ಹೋದವರು ಎದುರಿಗೆ ಆನೆಯನ್ನು ಕಂಡು ಓಡಿದರು, ಮೆಟ್ಟಿಲಿನ ಹಾಗೆ ಕಡಿದ ರಬ್ಬರ್ ತೋಟದ ಮೇಲಿನ ತಟ್ಟಿನಿಂದ ಕೆಳಗೆ ಬಿದ್ದರು. ಹಾಗೆ ಮುರಿದದ್ದು ಕಾಲು. ಉಳಿದದ್ದನ್ನೂ ನಡೆದ ಹಾಗೆಯೇ ಬರೆಯುತ್ತೇನೆ. ಊರಿನಲ್ಲಿ ಬೇರೆ ಬೇರೆ ಕಥೆ ಓಡಾಡುತ್ತಿದೆ; ನಿನ್ನ ತಲೆಯೊಳಗೂ ಒಂದು ಓಡುತ್ತಿರಬಹುದು.

ಹಿಂದಿನ ಸಂಜೆ ನಮ್ಮ ತೋಟದ ಮೇಲ್ಬದಿಯಲ್ಲಿ ಆನೆ ನಡೆದ ಗುರುತು ಕಂಡವಳು ನಾನೇ. ನೀನು ಕಲಿಸಿದ ಹಾಗೆ ಫೋನಿನಲ್ಲಿ ವೆಬ್‌ಸೈಟ್ ತೆರೆದು ಜಾಗ ಒತ್ತಿ, ಬೋರ್ಡಿನ ಸಂಜೆಯ ಹಾಳೆ ಅಚ್ಚಾಗುವ ಮೊದಲೇ ವಿವರ ಬರೆದು ಕಳಿಸಿದೆ. 'ವರದಿ ಸ್ವೀಕರಿಸಲಾಗಿದೆ' ಎಂದು ಬಂತು. ಸೊಸೈಟಿಗೆ ಹಾಲು ಕೊಟ್ಟು ಬಂದ ಇವರಿಗೂ ಹೇಳಿದೆ. ಇವರು ನಕ್ಕರು.

"ಬೋರ್ಡಿನಲ್ಲಿ ನೋಡಿಯೇ ಬಂದದ್ದು ಮಾರಾಯ್ತಿ. ಇವತ್ತು ಆನೆ ಸಂಚಾರ ಇಲ್ಲ ಅಂತ ಅಚ್ಚಾಗಿ ಉಂಟು."

"ನಾನೇ ಕಳಿಸಿದ್ದಲ್ವ?"

"ನೀನು ಕಳಿಸಿದ್ದನ್ನು ಅಲ್ಲಿ ಯಾರಾದ್ರೂ ನೋಡುದಿಲ್ವ? ಫಾರೆಸ್ಟಿನವರು ಓಡಿಸಿರ್ಬೇಕು, ಅದಕ್ಕೆ ತೆಗ್ದಿದ್ದಾರೆ."

ಇವರು ದಡ್ಡರಲ್ಲ, ಭವಿತಾ. ವಾಟ್ಸಾಪನ್ನು ಇವರು ನಂಬುವುದಿಲ್ಲ. "ಅದರಲ್ಲಿ ದಿನಕ್ಕೆ ಹತ್ತು ಆನೆ ಬರ್ತದೆ, ಒಂದು ವಯನಾಡಿನದ್ದು, ಒಂದು ಅಸ್ಸಾಮಿನದ್ದು, ನಮ್ಮದು ಯಾವುದು ಅಂತ ಆನೆಯ ಹತ್ರವೇ ಕೇಳ್ಬೇಕು" ಎನ್ನುವವರು. ಬೋರ್ಡಿನ ಹಾಳೆಯನ್ನು ನಂಬಿದ್ದರು, ಏಕೆಂದರೆ ಅದು ಅಚ್ಚಾದದ್ದು. ನಾನೂ ಅಷ್ಟೇ. ನನ್ನ ಅಪ್ಪ ಪೇಪರ್ ಏಜೆಂಟ್ ಆಗಿದ್ದವರು; ಬಸ್ಸಿನಿಂದ ಇಳಿದ ಕಟ್ಟು ಬಿಚ್ಚಿ ಮೊದಲ ಪ್ರತಿ ನನಗೆ ಕೊಡುತ್ತಿದ್ದರು. ಅಚ್ಚಿಗೆ ಹೋಗುವ ಮೊದಲು ಯಾರೋ ಒಬ್ಬರು ಓದಿರುತ್ತಾರೆ ಎಂಬ ನಂಬಿಕೆಯಲ್ಲೇ ಬೆಳೆದವಳು ನಾನು. ಕಣ್ಣಾರೆ ಕಂಡ ಗುರುತಿಗಿಂತ ಆ ಹಾಳೆಯೇ ನಿಜ ಎಂದು ಅವತ್ತು ನನಗೂ ಅನಿಸಿತು. ವಾದ ಮಾಡದೆ ಅಡುಗೆಗೆ ಹೋದೆ.

ನಿನ್ನೆ ಬಟ್ಟೆ ತರಲು ಊರಿಗೆ ಹೋದಾಗ ಹಾರಿಸನನ್ನು ಕೂರಿಸಿ ಕೇಳಿದೆ. ನೀನು ಸೈಟ್ ಮುಚ್ಚಿದ್ದರೂ ಸೊಸೈಟಿಯ ಕಂಪ್ಯೂಟರಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಪ್ರತಿ ಇತ್ತು. ಅವನು ಅದನ್ನು ತೆರೆದ. ಮೊದಲು ಹಸಿರು ಅಕ್ಷರದಲ್ಲಿ 'ಇಂದು ಆನೆ ಸಂಚಾರ ಇಲ್ಲ' ಎಂದು ಬಂತು. ಸ್ವಲ್ಪ ಹೊತ್ತಿನ ಮೇಲೆ ಅದು ಅಳಿಸಿಹೋಗಿ ವರದಿಗಳು ಒಂದೊಂದಾಗಿ ಕೆಂಪಕ್ಷರದಲ್ಲಿ ಇಳಿದವು. ನಾನು ಕಳಿಸಿದ್ದೂ ಅದರಲ್ಲಿತ್ತು. ಆಮೇಲೆ ನಿನ್ನ ಪ್ರೋಗ್ರಾಮನ್ನು ಓಡಿಸಿದ. ವೆಬ್ ಪುಟವನ್ನು ಪಿಡಿಎಫ್ ಮಾಡಿ ಪ್ರಿಂಟರಿಗೆ ಕಳಿಸಲು ನೀನು ಬೇರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮ್, ಅವನ ಮಾತಿನಲ್ಲಿ ಲೈಬ್ರರಿ, ಬಳಸಿದ್ದೀಯಂತೆ. ಒಮ್ಮೆ ಹಾಳೆ ಸರಿಯಾಗಿಯೇ ಬಂತು. ಇನ್ನೊಮ್ಮೆ, ನೆಟ್‌ವರ್ಕ್ ನಿಧಾನವಾದಾಗ, ಹಸಿರು ಸಾಲೊಂದೇ ಅಚ್ಚಾಗಿ ಬಂತು. ಅವತ್ತು ಬೋರ್ಡಿನಲ್ಲಿದ್ದಂಥದೇ ಆ ಹಾಳೆಯನ್ನು ಹಾರಿಸನ ಮುಂದೆ ಹಿಡಿದೆ.

"ವರದಿ ಬರುವವರೆಗೆ ಇದು ಯಾಕೆ ಕಾಯುದಿಲ್ಲ?" ಎಂದು ಕೇಳಿದೆ.

"ಕಾಯ್ಲಿಕ್ಕೆ ಹೇಳಿದ್ರೆ ಕಾಯ್ತದೆ ಟೀಚರಕ್ಕ. ಹೇಳದಿದ್ರೆ ಅದಕ್ಕೆ ಎಂತ ಗೊತ್ತು? ಪುಟ ತೆರೀತು, ಅಚ್ಚು ಹಾಕಿತು, ಮುಗೀತು."

ಕಾಯಬೇಕು ಎಂದು ನೀನು ಬರೆದಿರಲಿಲ್ಲ. ಇದಿಷ್ಟು ನಡೆದದ್ದು. ಕಾಲೇಜಿನಲ್ಲಿ ನಿನ್ನ ಟೇಬಲ್ಲಿನ ಮೇಲೆ ನೆಟ್‌ವರ್ಕ್ ಗಟ್ಟಿ ಇರುತ್ತದೆ, ಅಲ್ಲಿ ಪ್ರತಿ ಸಲವೂ ಸರಿಯಾಗಿಯೇ ಬಂದಿರಬೇಕು. ಗುತ್ತಿಗಾರಿನ ನೆಟ್‌ವರ್ಕ್ ಹೇಗೆ ಎಂಬುದು ಇಲ್ಲೇ ಹುಟ್ಟಿದ ನಿನಗೆ ಗೊತ್ತಿತ್ತು. ನನಗೆ ಸಿಟ್ಟಿರುವುದು ಅಲ್ಲಿ. ಇನ್ನೂ ಹೆಚ್ಚಿನ ಸಿಟ್ಟು ಆ ಹಸಿರು ಸಾಲಿನ ಮೇಲೆ. ವರದಿ ಬಂದಿಲ್ಲ ಎನ್ನುವುದು ಬೇರೆ, ಆನೆ ಇಲ್ಲ ಎನ್ನುವುದು ಬೇರೆ. ಸುದ್ದಿ ಕೈಗೆ ಬಾರದಿದ್ದರೆ ಪತ್ರಿಕೆ ಆ ಜಾಗದಲ್ಲಿ ಇನ್ನೇನಾದರೂ ಹಾಕುತ್ತದೆ. ಏನೂ ನಡೆದಿಲ್ಲ ಎಂದು ಬರೆಯುವುದಿಲ್ಲ. ಕಾಡಿನ ಅಂಚಿನಲ್ಲಿ ಬದುಕುವವರಿಗೆ ಆನೆ ಇಲ್ಲ ಎಂದು ಅಚ್ಚು ಹಾಕಿ ಹೇಳುವ ಧೈರ್ಯ ನಿನಗೆ ಎಲ್ಲಿಂದ ಬಂತು?

ಅಂಗನವಾಡಿಯಲ್ಲಿ ನೀನು ನನ್ನ ಸೆರಗು ಹಿಡಿದೇ ತಿರುಗುತ್ತಿದ್ದವಳು. ಬಿದ್ದರೆ ಅಳುತ್ತಿರಲಿಲ್ಲ, ಹೋಗಿ ಬಾಗಿಲ ಹಿಂದೆ ಅಡಗುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೀಯ. ಬಿದ್ದವಳು ನೀನೊಬ್ಬಳೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅಲ್ಲಿ ಮಕ್ಕಳು ನಡೆದು ಬರುತ್ತಿದ್ದಾರೆ.

ಕ್ಷಮೆಯ ವಿಷಯ ಈಗ ಬರೆಯಲು ನನ್ನಿಂದಾಗದು. ಇವರು ಮೊದಲ ಬಾರಿ ಎದ್ದು ನಿಂತ ದಿನ ಅದನ್ನು ಮಾತಾಡೋಣ. ಇವತ್ತು ನನಗೆ ಬೇಕಾದದ್ದು ಸೈಟ್. ಅದನ್ನು ತೆರೆ. ವರದಿಗಳು ಪೂರ್ತಿ ಬರುವ ತನಕ ಪ್ರೋಗ್ರಾಮ್ ಕಾಯಲಿ. ಬಾರದಿದ್ದರೆ ಹಾಳೆ ಅಚ್ಚಾಗುವುದೇ ಬೇಡ. ಬೋರ್ಡಿನಲ್ಲಿ ಹಾಳೆ ಇಲ್ಲದಿದ್ದರೆ ಜನ ವಿಚಾರಿಸುತ್ತಾರೆ, ಜಾಗ್ರತೆಯಲ್ಲಿರುತ್ತಾರೆ. ಹಸಿರು ಸಾಲನ್ನು ಕಿತ್ತು ಹಾಕು. ಹಾಳೆಯನ್ನು ಅಂಟಿಸುವ ಮೊದಲು ಹಾರಿಸ್ ನನಗೆ ಓದಿ ಹೇಳುತ್ತಾನೆ, ವರದಿ ಕಳಿಸಿದವರನ್ನು ನಾನು ಫೋನಿನಲ್ಲಿ ಕೇಳುತ್ತೇನೆ. ಈ ಕೆಲಸ ಆಸ್ಪತ್ರೆಯಲ್ಲಿ ಕುಳಿತೂ ಮಾಡಬಹುದು.

ಇವರಿಗೆ ಇದನ್ನೆಲ್ಲ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. "ಇನ್ನು ಬೋರ್ಡಿಗಿಂತ ನೀನೇ ದೊಡ್ಡವಳು, ಸಾಕಾ?" ಎಂದರು ನನಗೆ. ನಿನಗೂ ಒಂದು ಮಾತಿದೆ, ಅವರು ಆಡಿದ ಹಾಗೆಯೇ ಬರೆದಿದ್ದೇನೆ: "ಆ ಹುಡುಗಿಗೆ ಹೇಳು, ಬೋರ್ಡು ಮುಚ್ಚಿದ್ರೆ ನನ್ನ ಕಾಲು ಬರೀ ದಂಡಕ್ಕೆ ಮುರಿದ ಹಾಗೆ ಆಯ್ತು ಅಂತ."

ಬೋರ್ಡನ್ನೇ ಕಿತ್ತು ಹಾಕಬೇಕು ಎಂದು ಊರಿನಲ್ಲಿ ಹಲವರು ಹೇಳುತ್ತಿದ್ದಾರೆ. ಸಭೆಯಲ್ಲಿ ನಿನ್ನ ಹೆಸರನ್ನೂ ಎತ್ತುತ್ತಾರೆ. ಆಗ ನಾನು ಎದ್ದು ಮಾತಾಡುತ್ತೇನೆ. ಆದರೆ ಪ್ರೋಗ್ರಾಮಿನ ಬಗ್ಗೆ ಅವರು ಕೇಳುವುದಕ್ಕೆ ಉತ್ತರ ಕೊಡಲು ನನಗೆ ಬಾರದು. ಅದು ನಿನ್ನ ಕೆಲಸ.

ದೇವರು ನಿನಗೆ ಜನರ ಎದುರು ನಿಲ್ಲುವ ಧೈರ್ಯ ಕೊಡಲಿ, ಮಗಾ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಹಾಲಿನ ಸೊಸೈಟಿಯಲ್ಲಿ ಸಭೆ ಇದೆ. ವಿಷಯ, ಬೋರ್ಡು ಇರಬೇಕೋ ತೆಗೆಯಬೇಕೋ.

ನಿನ್ನ ಟೀಚರ್,
ಲೋಲಾಕ್ಷಿ