ಚಾಮುಂಡಿಯ ಹೊಟ್ಟೆಯ ಗಾರೆ

ಮ್ಯೂಸಿಯಂನ ರಿಪೇರಿ ಕೋಣೆ,
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯ ಊಟ ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ? ಭಾವನನ್ನು ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ. ಆ ಮನುಷ್ಯ ಮನೆಗೆ ಬೆಂಕಿ ಬಿದ್ದರೂ ಹಾಗೇ ಅನ್ನುವವರು. ನಿನ್ನದು ಫೋನಿನಲ್ಲಿ ಒಂದೇ ರಾಗ: “ಮೈ ಸ್ವಲ್ಪ ತುಂಬ್ಲಿ, ಆಮೇಲೆ ಬಾ.” ಎರಡು ತಿಂಗಳಾಯಿತು. ಮನೆಯಲ್ಲಿ ನೀನು ದುಂಡಿ, ನಾನು ಸೊಳ್ಳೆ. ಈಗ ಸೊಳ್ಳೆಗಿಂತ ಸಣ್ಣಗಾದೆ ಅಂತ ನಾಚಿಕೆಯಾ? ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನನ್ನ ಕೈಗೆ ಒಂಬೈನೂರು ವರ್ಷ ಹಳೆಯ ಕಲ್ಲಿನ ದೇವಿಯೊಬ್ಬಳು ಬಂದಿದ್ದಳು, ಯಾವುದೋ ಪಾಳುಗುಡಿಯ ಗೋಡೆಯಿಂದ. ಕೆನ್ನೆ ಗುಳಿಬಿದ್ದು, ಕಣ್ಣು ಹೊರಬಂದು, ಕೊರಳಲ್ಲಿ ರುಂಡಮಾಲೆ. ಹೊಟ್ಟೆ ಮಾತ್ರ ಈಗಷ್ಟೇ ಉಂಡು ಎದ್ದವಳ ಹಾಗೆ ದುಂಡಗೆ! ತಾಳೆಯೇ ಆಗಲಿಲ್ಲ. ಬೆರಳಿನಿಂದ ತಟ್ಟಿದೆ, ಕಲ್ಲಿನ ಸದ್ದಲ್ಲ. ಹಿಂದೆ ಯಾರೋ ನೋಡಲಾಗದೆ ಗಾರೆ ಮೆತ್ತಿ ಅವಳ ಹೊಟ್ಟೆ ತುಂಬಿಸಿದ್ದರು. ಸಣ್ಣ ಉಳಿಯಿಂದ ಆರು ದಿನ ಕೆರೆದೆ. ಒಳಗೆ ಬೆನ್ನಿಗೆ ಹತ್ತಿದ ಹೊಟ್ಟೆ, ಎದ್ದು ಕಾಣುವ ಪಕ್ಕೆಲುಬು, ಹೊಟ್ಟೆಯ ಗುಳಿಯಲ್ಲಿ ಬಾಲ ಎತ್ತಿದ ಚೇಳು. ಚಾಮುಂಡಿ! ಹಳೆಯ ಶಿಲ್ಪಗಳಲ್ಲಿ ಅವಳು ಹೀಗೇ, ಹಸಿದು ಸೊರಗಿದವಳು. ಹಸಿವು ಹೇಗೆ ಕುಟುಕುತ್ತದೆ ಅಂತ ಆ ಶಿಲ್ಪಿಗೆ ಗೊತ್ತಿತ್ತು, ಅಕ್ಕಾ.

ನಮ್ಮ ಮುಖ್ಯಸ್ಥರು ನೋಡಿ ಬೆಚ್ಚಿದರು. “ಮತ್ತೆ ಮುಚ್ಚಿಬಿಡಮ್ಮ, ಜನ ಹೆದರ್ತಾರೆ,” ಅಂದರು. ನನಗೆ ಎಲ್ಲಿತ್ತೋ ಸಿಟ್ಟು. “ಅವಳಿರೋದೇ ಹೀಗೆ ಸಾರ್. ಸೊರಗಿದ್ದಾಳೆ ಅಂತ ದೇವಿ ಅಲ್ದೆ ಹೋಗ್ತಾಳಾ?” ಅಂದುಬಿಟ್ಟೆ. ಕೆಲಸ ಹೋಯಿತು ಅಂದುಕೊಂಡೆ. ಅವರು ಕನ್ನಡಕ ಒರೆಸಿ ಬಗ್ಗಿದರು, ಚೇಳಿನ ಒಂದೊಂದು ಕಾಲನ್ನೂ ನೋಡಿದರು. ಕೊನೆಗೆ, “ಬಾಗಿಲಿಗೆ ಎದುರಾಗಿ ನಿಲ್ಸಿ,” ಅಂದರು. ಇವತ್ತು ನಿಲ್ಲಿಸಿದೆವು. ಕಸ ಗುಡಿಸುವ ಅಜ್ಜಿ ಪೊರಕೆ ಕೆಳಗಿಟ್ಟು ಬಹಳ ಹೊತ್ತು ಅವಳೆದುರು ನಿಂತಿದ್ದರು. ಹೆದರಲಿಲ್ಲ.

ಔಷಧಿ ತಪ್ಪಿಸಬೇಡ. ನರ್ಸುಗಳ ಹತ್ತಿರ ಜಗಳ ಬೇಡ. ಭಾವನಿಗೆ ನನ್ನ ನಮಸ್ಕಾರ, ಜೊತೆಗೆ ಒಂದು ‘ಪರವಾಗಿಲ್ಲ’.

ನಿನ್ನ
ಸೊಳ್ಳೆ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ಬುಧವಾರ ಬೆಳಗಿನ ಬಸ್ಸಿಗೆ ನಾನೇ ತಂದೆ. ನಿನ್ನ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ, ಕಾಗದ ನರ್ಸ್ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಹೊದಿಕೆ ಎಳೆದುಕೊಂಡು ಮುಖ ಮುಚ್ಚಬೇಡ. ಕರೆ, ಬರುತ್ತೇನೆ. ಕರೆಯದಿದ್ದರೂ ಬರುತ್ತೇನೆ.