ಹಿಂದಿನ ಸೀಟಿಲ್ಲದ ಕಾರು

ಗುರುವಾರ, ಎರಡು ಪಾಠಗಳ ನಡುವಿನ ಬಿಡುವು

ನಮ್ಮ ಗುಬ್ಬಿಗೆ,

ನಿನ್ನ ಸೋದರಮಾವ ಮನಸಾರೆ ಮಾಡುವ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ನಿನ್ನತ್ತೆ ನನಗಿಂತ ಗಟ್ಟಿಯಾಗಿದ್ದಾಳೆ. ನೀನೂ ಊಟ ತಿಂಡಿ ಬಿಡದೆ ಚೆನ್ನಾಗಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು ಅನ್ನಬೇಕು, ಅಂದಿದ್ದೇನೆ. ಆದರೆ ತಪ್ಪಿನಲ್ಲಿ ನಿನಗೂ ಪಾಲಿದೆ. ಒಂದೊಂದಕ್ಕೂ ನಂಬರು ಹಾಕಿ ಹನ್ನೊಂದು ಕಾರಣ ಬರೆದು ಕಳಿಸಿದ್ದೀಯ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನಿಗೆ ದಿನಕ್ಕೊಂದು ಕಾರಣವೆಂದರೂ ಹನ್ನೊಂದು ದಿನ ಬೇಕು. ಹನ್ನೆರಡನೆಯ ದಿನ ಸುಧಾರಿಸಿಕೊಂಡೆ.

ಬರೆದದ್ದು ನಿನ್ನ ಕೈ, ಸರಿ. ಬಾಯಿ ಯಾರದೆಂದು ನನಗೆ ಗೊತ್ತಾಗುವುದಿಲ್ಲವೇ? ನಿಮ್ಮಮ್ಮ ಪಕ್ಕದಲ್ಲಿ ಕೂತು ಬರೆಸಿದ್ದಾಳೆ. "ಅರವತ್ತೆರಡು ವರ್ಷ ಆಯ್ತು, ಇನ್ನೂ ಬುದ್ಧಿ ಬಂದಿಲ್ಲ" ಅನ್ನುವ ಮಾತು ನನ್ನಕ್ಕನದೇ. ನನಗೆ ಇಪ್ಪತ್ತಾರಾದಾಗಲೂ ಅದನ್ನೇ ಅಂದಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಬರೀ ವಯಸ್ಸನ್ನು ತಿದ್ದಿಕೊಂಡು ಬಂದಿದ್ದಾಳೆ. ಅವಳಿಗೆ ಹೇಳು: ತಮ್ಮ ಹೆದರಿಲ್ಲ.

ಈಗ ಕಾರಿನ ವಿಷಯ. ನೀನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಕಂಡವರ ಮೂಳೆಯನ್ನೆಲ್ಲ ನೋಡಿ ನೋಡಿ, ಮೇಲಿನ ಚರ್ಮದ ಚೆಂದ ನಿನಗೆ ಕಾಣುವುದೇ ಇಲ್ಲ. ಅದಕ್ಕೇ ವರ್ಣಿಸುತ್ತೇನೆ. ಬಣ್ಣ ಕೆಂಪು. ಬಿಸಿಲಿಗೆ ಮೂತಿಯ ಮೇಲೆ ಸ್ವಲ್ಪ ಮಾಸಿದೆ, ನನ್ನ ತಲೆಯೂ ಮಾಸಿದೆ. ನೆಲಕ್ಕೆ ಎಷ್ಟು ತಗ್ಗಾಗಿದೆಯೆಂದರೆ ಹತ್ತುವುದಲ್ಲ, ಇಳಿದು ಕೂರಬೇಕು. ಮೇಲೆ ಮಡಚುವ ಬಟ್ಟೆಯ ಚಾವಣಿ, ಒಂದು ಕಡೆ ಹರಿದಿದೆ. ಗುಂಡಿ ಒತ್ತಿದರೆ ಮುಂದಿನ ದೀಪ ಎರಡೂ ಕಪ್ಪೆ ಕಣ್ಣಿನ ಹಾಗೆ ಮೇಲೆದ್ದು ಬರಬೇಕು. ಬರುವುದು ಒಂದೇ. ಎದುರಿಗೆ ಬಂದವರಿಗೆಲ್ಲ ಕಾರು ಕಣ್ಣು ಹೊಡೆಯುತ್ತದೆ. ಇದನ್ನು ದೋಷವೆನ್ನುವವರ ರಸಿಕತೆಗೆ ಏನು ಹೇಳಲಿ!

ಮಾರುವವರು ಹಲ್ಲಿನ ಡಾಕ್ಟರು. ನಮ್ಮ ಡ್ರೈವಿಂಗ್ ಸ್ಕೂಲಿನ ಮೇಲಿನ ಮಹಡಿಯಲ್ಲೇ ಅವರ ಕ್ಲಿನಿಕ್ಕು. ಶನಿವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರಂತೆ. ಹಣದ ಚಿಂತೆ ನಿಮಗೆ ಬೇಡ. ನಾಲ್ಕನೇ ಕಾರಣ, ಏಳನೇ ಕಾರಣ ಎರಡೂ ಅಲ್ಲಿಗೆ ಬಿದ್ದುಹೋದವು.

"ಕಾರಿನ ಬಗ್ಗೆ ಗೊತ್ತಿರೋ ಯಾರನ್ನಾದ್ರೂ ಕೇಳಿ ಮಾವ" ಎಂದು ಬರೆದಿದ್ದೀಯ. ಇದನ್ನು ಓದಿ ನಾನು ನೀರು ಕುಡಿದು ಬಂದೆ. ಮಗೂ, ಈ ಊರಿನಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನಕ್ಕೆ ಅದನ್ನು ಹಿಡಿಸಿದವನೇ ನಾನು. ಮೂವತ್ತನಾಲ್ಕು ವರ್ಷ! ಲೈಸೆನ್ಸ್ ಕೊಡುವ ಸಾಹೇಬರೂ ನನ್ನ ಶಿಷ್ಯರೇ, ರಿವರ್ಸ್ ತೆಗೆಯುವಾಗ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಕ್ಲಚ್ಚು ಅಂದರೆ ಕಣ್ಣೀರು ಹಾಕುತ್ತಿದ್ದವರನ್ನು, ಎದುರಿಗೆ ಲಾರಿ ಬಂದರೆ ಎರಡೂ ಕೈ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದವರನ್ನು, ಎಲ್ಲರನ್ನೂ ದಾರಿಗೆ ತಂದಿದ್ದೇನೆ. ಇವರಿಗೆ ಕಲಿಸಲು ನನ್ನಿಂದ ಆಗಲಿಲ್ಲ ಅನ್ನುವಂಥ ಒಬ್ಬ ಶಿಷ್ಯನನ್ನು ತೋರಿಸು, ನಾಳೆಯೇ ಬೋರ್ಡು ಇಳಿಸುತ್ತೇನೆ.

ಆದರೆ ಗುಬ್ಬಿ, ಈ ಮೂವತ್ತನಾಲ್ಕು ವರ್ಷ ನಾನು ಕೂತದ್ದು ಎಲ್ಲಿ? ಪಕ್ಕದ ಸೀಟಿನಲ್ಲಿ. ಪಾಠದ ಕಾರಿನಲ್ಲಿ ಮೇಷ್ಟ್ರ ಕಾಲಿನ ಹತ್ತಿರ ಇನ್ನೊಂದು ಬ್ರೇಕು ಇರುತ್ತದೆ, ನಿನಗೆ ಗೊತ್ತಲ್ಲ. ಕಲಿಯುವವರು ಓಡಿಸುತ್ತಾರೆ, ನಾನು ನಿಲ್ಲಿಸುತ್ತೇನೆ. ನನ್ನ ಬಲಗಾಲಿಗೆ ಬ್ರೇಕೊಂದೇ ಗೊತ್ತು. ಸಿನಿಮಾ ನೋಡುವಾಗ ತೆರೆಯ ಮೇಲೆ ಕಾರು ಬಂದರೂ ಒತ್ತುತ್ತದೆ, ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಇನ್ನು ಮೇಲಾದರೂ ಶನಿವಾರ, ಭಾನುವಾರ ಈ ಕಾಲಿಗೆ ಬೇರೆ ಕೆಲಸ ಕೊಡೋಣ ಅಂದರೆ ನಿಮ್ಮದೇನು ಗಂಟು ಹೋಗುತ್ತದೆ?

ನೀನು ಕಾಗದ ಬರೆಯುವ ಮುಂಚೆಯೇ ಒಂದು ದಿನ ಓಡಿಸಿಯೂ ನೋಡಿದ್ದೆ. ಡಾಕ್ಟರು "ನೀವೇ ಓಡಿಸಿ ಮೇಷ್ಟ್ರೇ" ಎಂದು ಕೀಲಿ ಕೊಟ್ಟರು. ನಾನು ಗತ್ತಿನಿಂದ ಹೋಗಿ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟೆ. ಕೀಲಿ ಕೈಯಲ್ಲಿದೆ, ಸ್ಟಿಯರಿಂಗ್ ಮುಂದೆ ಯಾರೂ ಇಲ್ಲ! ಡಾಕ್ಟರು ಪಾಪ, ನಾನು ಏನೋ ಪರೀಕ್ಷೆ ಮಾಡುತ್ತಿದ್ದೇನೆಂದು ಹೊರಗೇ ಕೈಕಟ್ಟಿ ನಿಂತಿದ್ದರು. ನಾನೂ ಸೀಟಿನ ಕೆಳಗೆಲ್ಲ ಬಗ್ಗಿ ನೋಡಿ, "ಹೂಂ, ಈ ಕಡೆ ಪರವಾಗಿಲ್ಲ" ಎಂದು ಗಂಭೀರವಾಗಿ ಹೇಳಿ ಇಳಿದು ಆ ಕಡೆ ಹೋದೆ.

ಹೊರಟಿತು ನೋಡು! ಹೆದ್ದಾರಿಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನಲವತ್ತು ವರ್ಷ ಕಳಚಿಬಿದ್ದವು. ಇನ್ನೇನು ಬಂದೆವು ಅನ್ನುವಾಗ, ಸರಿಯಾಗಿ ನನ್ನ ಸ್ಕೂಲಿನ ಬೋರ್ಡಿನ ಕೆಳಗೆ, ಕೆಮ್ಮಿ ನಿಂತಿತು. ಕಿಟಕಿಯಲ್ಲಿ ಮಧ್ಯಾಹ್ನದ ಬ್ಯಾಚು ಪೂರ್ತಿ ನಿಂತಿತ್ತು. ಬ್ಯಾಂಕಿನ ಮೇಡಂ ಒಬ್ಬರು ಹೊಸದಾಗಿ ಸೇರಿದ್ದಾರೆ. "ಮೇಷ್ಟ್ರೇ, ಕ್ಲಚ್ ಒತ್ತೋಕೆ ಮರೆತ್ರಾ?" ಅಂದರು. ಎಲ್ಲರೂ ಹೋ ಎಂದರು. ನಾನು ಬಿಡುತ್ತೇನೆಯೇ? "ಇದೂ ಪಾಠಾನೇ. ಗಾಡಿ ಕೆಟ್ಟು ನಿಂತಾಗ ಮುಖ ಹೆಂಗಿಟ್ಕೋಬೇಕು ಅಂತ ನೋಡಿ ಕಲ್ತ್ಕೊಳ್ಳಿ" ಅಂದೆ.

ಎಣ್ಣೆಕೈ ಬಂದು ನೋಡಿದ. ನಮ್ಮ ಪಾಠದ ಕಾರುಗಳನ್ನೆಲ್ಲ ರಿಪೇರಿ ಮಾಡುವವನು ಇವನೇ. ಮದುವೆ ಮನೆಗೂ ಎಣ್ಣೆ ಮೆತ್ತಿದ ಕೈಯಲ್ಲೇ ಹೋಗುತ್ತಾನೆ, ಅದಕ್ಕೇ ಆ ಹೆಸರು. ಒಳಗೆ ತಲೆ ತೂರಿಸಿ ಬಹಳ ಹೊತ್ತು ಇದ್ದು, "ಮೇಷ್ಟ್ರೇ, ಇದು ಬಿಸಿಯಾದ್ರೆ ನಿಲ್ಲುತ್ತೆ. ಮುಕ್ಕಾಲು ಗಂಟೆ ಹಂಗೇ ಬಿಟ್ರೆ ತಾನಾಗೇ ಹೊರಡುತ್ತೆ" ಅಂದ.

"ಯಾಕೆ?"

"ಅದು ನಂಗೂ ಗೊತ್ತಿಲ್ಲ, ಇದನ್ನ ಮಾಡಿದೋನಿಗೂ ಗೊತ್ತಿರಲ್ಲ. ಬೇಡ ಬಿಡಿ ಮೇಷ್ಟ್ರೇ. ಇದು ಕಾರಲ್ಲ, ಸಂಬಂಧಿಕರು."

ಈ ಮಾತನ್ನು ಅವನು ನಿಮ್ಮಮ್ಮನಿಗೂ ಫೋನಿನಲ್ಲಿ ಹೇಳಿದ್ದಾನೆ. ನಿನ್ನ ಎರಡನೇ ಕಾರಣದಲ್ಲಿ ಅದು ಅಕ್ಷರ ಬಿಡದೆ ಇದೆ. ಇರಲಿ. ನನ್ನ ಉತ್ತರ ಇದು: ವಾರಕ್ಕೆ ಐದು ದಿನ ಹೇಳಿದಲ್ಲಿ ಹೋಗುವ, ಹೇಳಿದಲ್ಲಿ ನಿಲ್ಲುವ ಗಾಡಿಯಲ್ಲಿ ಕೂರುತ್ತೇನೆ. ಉಳಿದೆರಡು ದಿನ ಅದು ಹೇಳಿದಂತೆ ನಾನು ಕೇಳುತ್ತೇನೆ. ಏನೀಗ?

ಇಷ್ಟೆಲ್ಲ ಎಗರಾಡಿದವನು ಅವತ್ತೇ ಹೂಂ ಅನ್ನಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಅಂದಿಲ್ಲ. ನಿನ್ನತ್ತೆ ಒಂದು ಮಾತು ಆಡಲಿ ಎಂದು ಕಾಯುತ್ತಿದ್ದೇನೆ. ಊರೆಲ್ಲ ಬಾಯಿ ಹಾಕಿದೆ, ಅವಳೊಬ್ಬಳು ಹಾಕಿಲ್ಲ. ಮುಂದಿನ ಕೋಣೆಯಲ್ಲಿ ಯಾವುದೋ ಹೋಟೆಲಿನ ಪರದೆಗಳ ರಾಶಿಯ ನಡುವೆ ಕೂತು ಹೊಲಿಯುತ್ತಿರುತ್ತಾಳೆ. ಅವಳು ಹೊಲಿಯುವುದನ್ನು ನೀನು ನೋಡಿದ್ದೀಯಲ್ಲ, ಮೆಷಿನ್ನಿನ ಪೆಡಲ್ಲಿನ ಮೇಲೆ ಅವಳ ಕಾಲು? ಒಂದೇ ಒಂದು ಹೊಲಿಗೆ ಮುಂದೆ ಹೋಗಬೇಕೆಂದರೆ ಒಂದೇ ಹೊಲಿಗೆ ಹೋಗುತ್ತದೆ, ಸೂಜಿ ಬಟ್ಟೆಗೆ ತಾಕುವ ಮುಂಚೆ ನಿಲ್ಲಬೇಕೆಂದರೆ ಅಲ್ಲೇ ನಿಲ್ಲುತ್ತದೆ. ಅಂಥ ಹದವಾದ ಕಾಲು ನನ್ನ ಶಿಷ್ಯರಲ್ಲಿ ಯಾರಿಗೂ ಇಲ್ಲ. ಇದು ಬಡಾಯಿ ಅಲ್ಲ.

ಭಾನುವಾರ ನಾನು ಕಾರಿನ ಗುಣಗಾನ ಮಾಡುತ್ತಿದ್ದಾಗ ಒಂದು ಸಲ ಮೆಷಿನ್ನು ನಿಂತಿತು.

"ಬಾಗಿಲು ಎಷ್ಟು ರೀ ಅದಕ್ಕೆ?"

"ಎರಡೇ."

"ಹಿಂದಿನ ಸೀಟು?"

"ಇಲ್ಲ. ಎರಡೇ ಸೀಟು."

ಪರದೆಯ ಅಂಚನ್ನು ಇನ್ನೊಮ್ಮೆ ಮಡಚಿದಳು. ಮತ್ತೆ ಮೆಷಿನ್ನು ಶುರುವಾಯಿತು. ಅಷ್ಟೇ.

ಬ್ಯಾಚು ಬಂತು. ಆಮೇಲೆ ಬರೆಯುತ್ತೇನೆ.

ಶನಿವಾರ, ಮಧ್ಯಾಹ್ನ

ಗುಬ್ಬಿ, ಮುಗಿಯಿತು. ಹೂಂ ಅಂದುಬಿಟ್ಟೆ.

ಇವತ್ತು ಬೆಳಗ್ಗೆ ನಾನು ಕ್ರಾಪು ಬಾಚುತ್ತಿದ್ದೆ. ನಿನ್ನತ್ತೆ ದಾರ ಸುತ್ತುತ್ತಾ, ಗೋಡೆಗೆ ಹೇಳುವವಳ ಹಾಗೆ, "ಆ ಬಟ್ಟೆ ಚಾವಣಿ ಹರಿದಿದೆ ಅಂದ್ರಲ್ಲ" ಅಂದಳು.

ನನ್ನ ಬಾಚಣಿಗೆ ತಲೆಯಲ್ಲೇ ನಿಂತಿತು. "ಹೌದು. ಒಂದು ಗೇಣು ಹರಿದಿದೆ. ಅಳತೆ ತಗೊಂಡು ಬರ್ಲಾ?"

"ನೀವು ಅಳತೆ ತಗೊಂಡ್ರೆ ಕಾರಿಗೆ ಕೋಟು ಹೊಲಿಬೇಕಾಗುತ್ತೆ. ಮನೆ ಮುಂದೆ ತಂದು ನಿಲ್ಸಿ. ನಾನೇ ನೋಡ್ತೀನಿ."

ಒಂದು ಸಲಕ್ಕೆ ಎರಡೆರಡು ಮೆಟ್ಟಿಲು ಹಾರಿ ಕ್ಲಿನಿಕ್ಕಿಗೆ ಹತ್ತಿದೆ. ಡಾಕ್ಟರು ಯಾರದೋ ಬಾಯಲ್ಲಿ ಕೈ ಇಟ್ಟಿದ್ದರು. ಬಾಗಿಲಿನಿಂದಲೇ "ಕಾರು ನಂದು!" ಎಂದು ಕೂಗಿದೆ. ಕುರ್ಚಿಯಲ್ಲಿದ್ದವರು ಬಾಯಿ ತೆರೆದುಕೊಂಡೇ ಕೈ ಎತ್ತಿ ಶುಭ ಕೋರಿದರು.

ಆದ್ದರಿಂದ ನಿನ್ನ ಹನ್ನೊಂದೂ ಕಾರಣಗಳನ್ನು ಗೌರವದಿಂದ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಿಮ್ಮಮ್ಮನಿಗೆ ಹೇಳು: ತಮ್ಮ ಕೆಟ್ಟುಹೋದ, ಕೆಂಪು ಕಾರಿನಲ್ಲಿ ಕೆಟ್ಟುಹೋದ, ಇನ್ನು ಕೈಗೆ ಸಿಗುವುದಿಲ್ಲ. ನೀನು ರಜೆಗೆ ಬಂದಾಗ ಒಂದು ಸುತ್ತು ಕೊಡುತ್ತೇನೆ. ನಿಂತುಹೋದರೆ ತಳ್ಳಲು ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ.

ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ನಿನ್ನ ಕೈಗೆ ಬರುವ ಮೂಳೆಗಳೆಲ್ಲ ಬೇಗ ಕೂಡಿಕೊಳ್ಳಲಿ, ನಿನ್ನ ಮೂಳೆ ಒಂದೂ ಮುರಿಯದಿರಲಿ. ದಾರಿ ಯಾವತ್ತೂ ನಿನಗೆ ಅಗಲವಾಗಿರಲಿ, ಎದುರಿಗೆ ಬರುವವರು ನನ್ನ ಕೈಯಲ್ಲಿ ಕಲಿತವರಾಗಿರಲಿ.

ಯಾರ ಮಾತೂ ಕೇಳದ,
ನಿನ್ನ ಮಾವ

ಮರೆತದ್ದು: ಇಲ್ಲಿಂದ ಕೆಳಗಿನದನ್ನು ಹರಿದಿಟ್ಟುಕೊಂಡು ಮೇಲಿನದನ್ನು ಮಾತ್ರ ನಿಮ್ಮಮ್ಮನಿಗೆ ತೋರಿಸು.

ಒಂದು ಸಲ ಬಂದಾಗ ನೀನೇ ಕೇಳಿದ್ದೆ, ಅತ್ತೆ ಯಾಕೆ ಕಾರಿನಲ್ಲಿ ಯಾವಾಗಲೂ ಹಿಂದೆ ಕೂರುತ್ತಾರೆ ಅಂತ. "ಹಿಂದೆ ಗಾಳಿ ಚೆನ್ನಾಗಿ ಬರುತ್ತಮ್ಮ" ಅಂದಿದ್ದಳು ಅವಳು. ನಾನು ಗೇರ್ ಬದಲಾಯಿಸಿದ್ದೆ.

ಕಲಿಸಲು ನನ್ನಿಂದ ಆಗದ ಒಬ್ಬರನ್ನು ತೋರಿಸು ಅಂದೆನಲ್ಲ, ಇದ್ದಾಳೆ. ಇಪ್ಪತ್ತೆರಡು ವರ್ಷದ ಹಿಂದೆ ನಿನ್ನತ್ತೆ ಲೈಸೆನ್ಸ್ ಮಾಡಿಸುತ್ತೇನೆ ಅಂದಳು. ಪರದೆಗಳನ್ನು ತಾನೇ ಕೊಟ್ಟು ಬರಬಹುದೆಂಬ ಆಸೆ. ನಾಲ್ಕನೇ ದಿನದ ಪಾಠ. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತಾ ಮೂವರು ಶಿಷ್ಯರು. ಮಾರ್ಕೆಟ್ಟಿನ ತಿರುವಿನಲ್ಲಿ ನಾಯಿ ಅಡ್ಡ ಬಂತು. ಅವಳು ನಿಧಾನ ಮಾಡಿದಳು. ಅಷ್ಟರಲ್ಲಿ ಗಾಡಿ ಗಕ್ಕನೆ ಕುಲುಕಿ ಆಫ್ ಆಯಿತು. ಹಿಂದಿನವರು ನಕ್ಕರು. ಮೇಷ್ಟ್ರ ಹೆಂಡತಿಗೇ ಬರುವುದಿಲ್ಲ ಎಂದು ಊರು ಆಡಿಕೊಳ್ಳುತ್ತದಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು. "ಇಳಿ. ನಿನ್ನ ಕಾಲಲ್ಲಿ ಇದು ಆಗೋ ಕೆಲಸ ಅಲ್ಲ. ಹಿಂದೆ ಹೋಗಿ ಕೂತ್ಕೋ" ಅಂದೆ. ನಡುಬೀದಿಯಲ್ಲಿ ಇಳಿದು, ಬಾಗಿಲು ಮೆಲ್ಲಗೆ ಹಾಕಿ, ಹಿಂದೆ ಹೋಗಿ ಕೂತಳು. ಅವತ್ತಿನಿಂದ ಅಲ್ಲೇ ಕೂತಿದ್ದಾಳೆ. ಜಗಳವಿಲ್ಲ, ಮಾತು ಬಿಟ್ಟಿಲ್ಲ, ಮನೆಯಲ್ಲಿ ಎಲ್ಲ ಇದೆ. ಕಾರಿನಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಅವಳ ಮುಖವನ್ನು ಕನ್ನಡಿಯಲ್ಲೇ ನೋಡಿದ್ದೇನೆ.

ಗಾಡಿ ನಿಲ್ಲಿಸಿದ್ದು ಅವಳ ಕಾಲಲ್ಲ, ಗುಬ್ಬಿ. ನನ್ನದು. ಅವಳು ಹದವಾಗಿ ಬ್ರೇಕ್ ಒತ್ತುತ್ತಿದ್ದಳು, ಕ್ಲಚ್ಚಿಗೆ ಕಾಲು ಹೋಗುತ್ತಿತ್ತು. ಅಷ್ಟರಲ್ಲಿ ನಾನು ಗಾಬರಿಯಾಗಿ ನನ್ನ ಕಡೆಯ ಬ್ರೇಕನ್ನು ನೆಲಕ್ಕೆ ತುಳಿದಿದ್ದೆ. ಅವಳು ಇಳಿದು ಹಿಂದಿನ ಬಾಗಿಲು ತೆಗೆಯುವ ಹೊತ್ತಿಗೇ ನನಗೆ ಗೊತ್ತಾಗಿತ್ತು, ನನ್ನ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಅವಳಿಗೂ ಗೊತ್ತಿತ್ತು. ಅವಳ ಆ ಹದವಾದ ಕಾಲಿಗೆ ಗೊತ್ತಾಗದೆ ಇರುತ್ತದೆಯೇ?

ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಮನೆಯಲ್ಲಿ ಬಾಯಿ ತೆರೆದರೆ ಮೆಷಿನ್ನು ಓಡುತ್ತಿರುತ್ತದೆ. ಕಾರಿನಲ್ಲಿ ತೆರೆದರೆ ಅವಳು ಹಿಂದಿರುತ್ತಾಳೆ. ಎಲ್ಲ ಸರಿಯಾಗಿರುವ ಕಾರು ತಗೊಂಡರೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮನೆ ತಲುಪಿಸಿಬಿಡುತ್ತದೆ. ನನಗೆ ಬೇಕಾದದ್ದು ಇದೇ. ನಾಳೆ ಬೆಳಗ್ಗೆ ಹೆದ್ದಾರಿಯ ಆಚೆ ಎಲ್ಲೋ ಇದು ಬಿಸಿಯಾಗಿ ನಿಲ್ಲುತ್ತದೆ, ನಿಂತೇ ನಿಲ್ಲುತ್ತದೆ. ಹಿಂದೆ ಹೋಗಿ ಕೂರಲು ಅವಳಿಗೆ ಸೀಟಿಲ್ಲ, ಓಡಿಹೋಗಲು ನನಗೆ ದಾರಿಯಿಲ್ಲ. ಪೂರ್ತಿ ಮುಕ್ಕಾಲು ಗಂಟೆ ಇರುತ್ತದೆ. ಅಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಆಮೇಲೆ ಕೀಲಿ ಅವಳ ಕೈಗೆ ಕೊಡುತ್ತೇನೆ, ಬೇಕಾದರೆ ತೆಗೆದುಕೊಳ್ಳಲಿ, ಬೇಡವೆಂದರೆ ನನ್ನ ಮುಖಕ್ಕೆ ಎಸೆಯಲಿ. ಪಕ್ಕದ ಸೀಟಿನ ಮುಂದೆ ಬ್ರೇಕಿಲ್ಲ. ಡಾಕ್ಟರು ಕೀಲಿ ಕೊಟ್ಟ ದಿನವೇ ಕಾಲಿಟ್ಟು ನೋಡಿದ್ದೇನೆ.